ರಾತ್ರಿ ಪಾಳಿಯಲ್ಲಿ ಮಾತ್ರ ಬರುವ ಬಗ್

2006-07ರ ಸುಮಾರಿಗೆ ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಕಂಟ್ರೋಲ್ ರೂಮುಗಳಿಗೆ ಬೇಕಾದ ಡಿಸ್‌ಪ್ಲೇ ಸಾಫ್ಟ್‌ವೇರ್ ಬರೆಯುತ್ತಿದ್ದೆ. ಕಾರ್ಖಾನೆಯ ಪಂಪು, ವಾಲ್ವು, ಬ್ರೇಕರುಗಳ ನಕ್ಷೆ ಒಂದು ಮಾನಿಟರಿನಲ್ಲಿ, ಒತ್ತಡ-ಉಷ್ಣಾಂಶದ ಗ್ರಾಫುಗಳು ಇನ್ನೊಂದರಲ್ಲಿ, ಅಲಾರಂಗಳ ಪಟ್ಟಿ ಮತ್ತೊಂದರಲ್ಲಿ. ಗಿರಾಕಿಗಳ ಮೇಜಿನ ಮೇಲೆ ಎರಡು ಮೂರು ಮಾನಿಟರುಗಳು ಸಾಲಾಗಿ ಕೂತಿರುತ್ತಿದ್ದವು. ಅವರಿಗಾಗಿ ಕೋಡ್ ಬರೆಯುವ ನಮ್ಮ ಮೇಜಿನ ಮೇಲೆ ಮಾತ್ರ ಒಂದೊಂದೇ. ಇನ್ನೊಂದು ಕೊಡಿಸಿ ಎಂದರೆ ಪರ್ಚೇಸ್ ವಿಭಾಗದವರು, "ಯಾಕ್ರೀ, ಒಂದೊಂದು ಕಣ್ಣಿಗೆ ಒಂದೊಂದು ಬೇಕಾ?" ಅನ್ನುತ್ತಿದ್ದರು. ನಗು ಬರುವ ಮಾತೇ. ಆದರೆ ಮುಂದಿನ ಹಲವು ವರ್ಷ ನನಗೆ ಅನ್ನ ಹಾಕಿದ ಬಗ್‌ಗಳಲ್ಲಿ ಅರ್ಧದಷ್ಟು ಹುಟ್ಟಿದ್ದು ಆ ಒಂಟಿ ಮಾನಿಟರುಗಳ ಮುಂದೆ.

ಮೊದಮೊದಲು ಬರುತ್ತಿದ್ದ ದೂರುಗಳೆಲ್ಲ ಒಂದೇ ಜಾತಿಯವು. ಫುಲ್‌ಸ್ಕ್ರೀನ್ ಬಟನ್ ಒತ್ತಿದರೆ ನಕ್ಷೆ ಒಂದು ಮಾನಿಟರಿನಲ್ಲಿ ತುಂಬಿಕೊಳ್ಳುವ ಬದಲು ಎರಡರ ಮೇಲೂ ಹರಡಿಕೊಳ್ಳುತ್ತದೆ. ನಕ್ಷೆಯ ನಟ್ಟನಡುವೆ ಇರಬೇಕಾದ ಮುಖ್ಯ ಬ್ರೇಕರ್ ಎರಡು ಮಾನಿಟರುಗಳ ಅಂಚಿನ ಪ್ಲಾಸ್ಟಿಕ್ ಪಟ್ಟಿಗೆ ಸಿಕ್ಕಿ ಸೀಳಿಹೋಗುತ್ತದೆ. "ಬ್ರೇಕರ್ ತೆರೆಯಲೇ?" ಎಂದು ಕೇಳುವ ಪುಟ್ಟ ಡಬ್ಬಿ ಸರಿಯಾಗಿ ಮಧ್ಯಕ್ಕೇ ಬಂದು, "ಹೌದು" ಎಡ ಮಾನಿಟರಿನಲ್ಲಿ, "ಬೇಡ" ಬಲ ಮಾನಿಟರಿನಲ್ಲಿ. ಕಾರಣ ಹುಡುಕಲು ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಪ್ರೋಗ್ರಾಂ ಶುರುವಾಗುತ್ತಲೇ, ಲಿನಕ್ಸಿನಲ್ಲಿ ತೆರೆಯ ಮೇಲೆ ಚಿತ್ರ ಮೂಡಿಸುವ ಎಕ್ಸ್ ಸರ್ವರನ್ನು "ತೆರೆ ಎಷ್ಟು ಅಗಲ?" ಎಂದು ಕೇಳುತ್ತಿತ್ತು. 1280×1024ರ ಎರಡು ಮಾನಿಟರುಗಳಿದ್ದರೆ ಸರ್ವರ್ 2560 ಎನ್ನುತ್ತಿತ್ತು. ಸರ್ವರ್ ಹೇಳಿದ್ದು ಸುಳ್ಳಲ್ಲ, ಕೇಳಿದ ಪ್ರಶ್ನೆಯೇ ಹಳೆಯದು.

ಎಷ್ಟು ಹಳೆಯದೆಂದರೆ, ಎಕ್ಸ್ ವಿಂಡೋ ಸಿಸ್ಟಂ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ್ದು 1984ರಲ್ಲಿ. ಲಿನಕ್ಸ್ ಡೆಸ್ಕ್‌ಟಾಪುಗಳು ಇವತ್ತಿಗೂ ಹೊತ್ತುಕೊಂಡಿರುವ ಹನ್ನೊಂದನೆಯ ಆವೃತ್ತಿ ಬಂದದ್ದು 1987ರಲ್ಲಿ. ಒಂದು ಕಂಪ್ಯೂಟರಿಗೆ ಒಂದಕ್ಕಿಂತ ಹೆಚ್ಚು ಮಾನಿಟರ್ ಇರಬಹುದೆಂಬುದು ಅದನ್ನು ಕಟ್ಟಿದವರಿಗೆ ಆಗಲೇ ಹೊಳೆದಿತ್ತು. ಪ್ರತಿ ಮಾನಿಟರಿಗೂ ಬೇರೆ ಬೇರೆ ನಂಬರು: ಒಂದು :0.0, ಇನ್ನೊಂದು :0.1. ಮಧ್ಯದಲ್ಲಿ ಜಂಟಿ ಗೋಡೆಯಿರುವ ಎರಡು ಮನೆಗಳ ಹಾಗೆ. ಮೌಸ್ ಬೇಕಾದರೆ ಆಚೆ ಮನೆಗೆ ಹೋಗಬಹುದು, ಆದರೆ ಈ ಮನೆಯಲ್ಲಿ ತೆರೆದ ವಿಂಡೋವನ್ನು ಆ ಮನೆಗೆ ಎಳೆದೊಯ್ಯುವಂತಿಲ್ಲ. ಆ ಕಾಲದಲ್ಲಿ ನಮ್ಮ ಫುಲ್‌ಸ್ಕ್ರೀನ್ ಬಗ್ ಹುಟ್ಟಲು ಜಾಗವೇ ಇರಲಿಲ್ಲ.

ಜನಕ್ಕೆ ಆ ಗೋಡೆ ಬೇಡವಾಯಿತು. ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನವರು ಪ್ಯಾನರಾಮಿಕ್ಸ್ ಎಂಬ ಹೆಸರಿನಲ್ಲಿ ಕಟ್ಟಿದ್ದ ಕೆಲಸ 1998ರ ಎಕ್ಸ್11ಆರ್6.4ರಲ್ಲಿ ಕ್ಸಿನೆರಾಮಾ ಆಗಿ ಸೇರಿತು. ಅದು ಎಲ್ಲ ಮಾನಿಟರುಗಳನ್ನೂ ಹೊಲಿದು ಒಂದೇ ದೊಡ್ಡ ಹಾಸು ಮಾಡಿತು. ಹಳೆಯ ಪ್ರೋಗ್ರಾಂಗಳು ಮುರಿಯಬಾರದು ಎಂಬ ಕಾಳಜಿಯಿಂದ ಹಳೆಯ ಪ್ರಶ್ನೆಗೆ ಒಟ್ಟು ಅಗಲವನ್ನೇ ಉತ್ತರವಾಗಿ ಉಳಿಸಿಕೊಂಡರು. ಒಳಗೆ ನಿಜವಾಗಿ ಎಷ್ಟು ಮಾನಿಟರುಗಳಿವೆ ಎಂದು ತಿಳಿಯಬೇಕಾದವರಿಗೆ ಹೊಸ ಪ್ರಶ್ನೆಯೊಂದನ್ನು ಬೇರೆ ಕೊಟ್ಟರು. ಹೊಸ ಪ್ರಶ್ನೆ ಗೊತ್ತಿಲ್ಲದ ಪ್ರೋಗ್ರಾಂಗಳು ಲೆಕ್ಕವಿಲ್ಲದಷ್ಟು. ಆಮೇಲೆ ಗ್ರಾಫಿಕ್ಸ್ ಕಾರ್ಡುಗಳ ಡ್ರೈವರುಗಳೂ ಇದೇ ಹೊಲಿಗೆಯನ್ನು ತಮ್ಮೊಳಗೇ, ತಮತಮಗೆ ತೋಚಿದ ಹಾಗೆ ಮಾಡತೊಡಗಿದವು. 2007ರಲ್ಲಿ ಮಾನಿಟರುಗಳ ಲೆಕ್ಕ ನೋಡಿಕೊಳ್ಳುವ ಎಕ್ಸ್ ವಿಸ್ತರಣೆ ರ‍್ಯಾಂಡ್‌ಆರ್ 1.2 ಬಂದ ಮೇಲೆ ಯಾವ ಕನೆಕ್ಟರಿಗೆ ಯಾವ ಮಾನಿಟರ್, ಅದರ ರೆಸಲ್ಯೂಷನ್ ಎಷ್ಟು, ಹಾಸಿನಲ್ಲಿ ಅದರ ಮೂಲೆ ಎಲ್ಲಿದೆ ಎಂಬುದೆಲ್ಲ ಒಂದೇ ಕಡೆ ಸಿಗುವಂತಾಯಿತು. ಮಾನಿಟರುಗಳು ನಡುನಡುವೆ ಬಂದು ಹೋಗುವುದಕ್ಕೂ ದಾರಿಯಾಯಿತು. ಕ್ಸಿನೆರಾಮಾದ ಪ್ರಶ್ನೆ ಕೇಳಿದವರಿಗೂ ಸರ್ವರ್ ಈ ಹೊಸ ಲೆಕ್ಕದಿಂದಲೇ ಉತ್ತರ ಹೊಂದಿಸಿ ಕೊಡುತ್ತದೆ. ಪದರದ ಮೇಲೆ ಪದರ, ಒಂದೊಂದು ಪದರವೂ ತನ್ನ ಕೆಳಗಿನದರ ಪರವಾಗಿ ಸಣ್ಣ ಸುಳ್ಳು ಹೇಳುತ್ತ ನಿಂತಿದೆ.

ಸರಿಯಾದ ಕ್ರಮವೆಂದರೆ ಪ್ರೋಗ್ರಾಂ ಅಗಲ ಎತ್ತರಗಳ ಗೋಜಿಗೇ ಹೋಗದೆ, "ನನ್ನನ್ನು ಫುಲ್‌ಸ್ಕ್ರೀನ್ ಮಾಡಪ್ಪ" ಎಂದು, ವಿಂಡೋಗಳ ಜಾಗ ಅಳತೆ ನೋಡಿಕೊಳ್ಳುವ ವಿಂಡೋ ಮ್ಯಾನೇಜರನ್ನು ಕೇಳುವುದು. ವಿಂಡೋ ಯಾವ ಮಾನಿಟರಿನಲ್ಲಿದೆಯೋ ಅದರ ಅಳತೆಗೆ ಅದು ಹೊಂದಿಸುತ್ತದೆ. ಆದರೆ ಹಳೆಯ ಆಟಗಳು, ಹಳೆಯ ವಿಡಿಯೋ ಪ್ಲೇಯರುಗಳು ಯಾರನ್ನೂ ಕೇಳುತ್ತಿರಲಿಲ್ಲ. ಅಂಚು ಪಟ್ಟಿ ಏನೂ ಇಲ್ಲದ ಒಂದು ವಿಂಡೋ ತೆರೆದು ತಾವೇ ಹರಡಿಕೊಳ್ಳುತ್ತಿದ್ದವು. ಮೆಟಾಸಿಟಿಯಂಥ ವಿಂಡೋ ಮ್ಯಾನೇಜರಿನೊಳಗೆ ಇದಕ್ಕೊಂದು ಊಹೆಯ ಕೋಡ್ ಇತ್ತು: ಅಲಂಕಾರವಿಲ್ಲದ ವಿಂಡೋ, ಗಾತ್ರ ಮಾನಿಟರಿನಷ್ಟೇ ಇದೆ, ಅಂದಮೇಲೆ ಇದಕ್ಕೆ ಫುಲ್‌ಸ್ಕ್ರೀನೇ ಬೇಕಾಗಿರಬೇಕು. ಇಂಥ ಊಹೆಯ ಸಾಲುಗಳನ್ನು ಕಂಡರೆ ಮೂಗು ಮುರಿಯುವವರು ನಮ್ಮಲ್ಲಿ ಬಹಳ. ನನಗೆ ಮಾತ್ರ ಅವುಗಳ ಮೇಲೆ ಗೌರವ. ಯಾರದೋ ಮನೆಯಲ್ಲಿ ಹಳೆಯ ಆಟವೊಂದು ಸರಿಯಾಗಿ ತೆರೆದುಕೊಳ್ಳಲಿ ಎಂದು ಬರೆದವು ಅವು.

ಆ ದಿನಗಳ ಇನ್ನೊಂದು ತಾಪತ್ರಯ 2048. ಆಗಿನ ಅಗ್ಗದ ಯಂತ್ರಗಳಲ್ಲಿ ಇಂಟೆಲ್ 945 ಚಿಪ್‌ಸೆಟ್ ಸರ್ವೇಸಾಮಾನ್ಯ. ಅದರ 3ಡಿ ಭಾಗಕ್ಕೆ ಯಾವ ದಿಕ್ಕಿನಲ್ಲೂ 2048 ಪಿಕ್ಸೆಲ್ ಮೀರಿದ ಹಾಸಿನ ಮೇಲೆ ಚಿತ್ರ ಬರೆಯಲು ಬರುತ್ತಿರಲಿಲ್ಲ. 1280ರ ಎರಡು ಮಾನಿಟರುಗಳನ್ನು ಪಕ್ಕಪಕ್ಕ ಇಟ್ಟರೆ 2560. ಗ್ರಾಫಿಕ್ಸ್ ವೇಗವೆಲ್ಲ ಅಲ್ಲಿಗೆ ಮುಗಿಯಿತು. ಒಂದರ ಮೇಲೊಂದು ಇಟ್ಟರೆ? 1024ಕ್ಕೆ 1024 ಕೂಡಿಸಿದರೆ ಸರಿಯಾಗಿ 2048! ನಾವು ಒಬ್ಬ ಗಿರಾಕಿಗೆ ಸೆಟಪ್ಪನ್ನು ಹಾಗೇ ಮಾಡಿ ಕಳಿಸಿದೆವು. ಕಂಪ್ಯೂಟರಿನ ಲೆಕ್ಕದಲ್ಲಿ ಮೇಲೆ ಕೆಳಗೆ, ಮೇಜಿನ ಮೇಲೆ ಅಕ್ಕಪಕ್ಕ. ಬಲಗಡೆಯ ಮಾನಿಟರಿಗೆ ಹೋಗಬೇಕಾದರೆ ಮೌಸನ್ನು ಮೇಲಕ್ಕೆ ನೂಕಬೇಕು. ಅವರು ಕೆಲವು ದಿನ ಸಹಿಸಿಕೊಂಡರು. ಆಮೇಲೆ ಬಡಗಿಯನ್ನು ಕರೆಸಿ ಮರದ ಒಂದು ಸ್ಟ್ಯಾಂಡ್ ಮಾಡಿಸಿ, ಮಾನಿಟರುಗಳನ್ನೇ ಒಂದರ ಮೇಲೊಂದು ಕೂರಿಸಿಬಿಟ್ಟರು. ಅವರು ಕಳಿಸಿದ ಫೋಟೋ ಬಹಳ ದಿನ ನಮ್ಮ ಬೋರ್ಡಿನ ಮೇಲಿತ್ತು. ಚಿಪ್‌ಸೆಟ್ಟಿನ ಮಿತಿಗೆ ಇಷ್ಟು ಚೊಕ್ಕವಾದ ಪರಿಹಾರವನ್ನು ನಾನು ಮತ್ತೆ ಕಂಡಿಲ್ಲ.

ಇನ್ನು ರಾತ್ರಿ ಪಾಳಿಯ ಕತೆ. ಬಳ್ಳಾರಿ ಕಡೆಯ ಒಂದು ಕಾರ್ಖಾನೆ. ಒಂದೊಂದು ಮೇಜಿಗೆ ಮೂರು ಮಾನಿಟರು: ಎಡಕ್ಕೆ ಗ್ರಾಫುಗಳು, ನಡುವೆ ನಕ್ಷೆ, ಬಲಕ್ಕೆ ಅಲಾರಂ ಪಟ್ಟಿ. ಮೂರೂ ಫುಲ್‌ಸ್ಕ್ರೀನ್. ಹಳೆಯ ವಿಜಿಎ ಮಾನಿಟರುಗಳಿದ್ದಷ್ಟು ಕಾಲ ಸದ್ದಿಲ್ಲ. ಅವನ್ನೆಲ್ಲ ತೆಗೆದು ಡಿಸ್‌ಪ್ಲೇಪೋರ್ಟಿನ ಹೊಸ ಮಾನಿಟರುಗಳನ್ನು ಹಾಕಿಸಿದ ಮೇಲೆ ದೂರು ಶುರುವಾಯಿತು: ಅಲಾರಂ ಪಟ್ಟಿ ಆಗೊಮ್ಮೆ ಈಗೊಮ್ಮೆ ನಡುವಿನ ಮಾನಿಟರಿಗೆ ಹಾರಿ ನಕ್ಷೆಯನ್ನು ಪೂರ್ತಿ ಮುಚ್ಚಿಬಿಡುತ್ತದೆ. ಅಲಾರಂ ಬಂದ ಹೊತ್ತಿನಲ್ಲೇ ನಕ್ಷೆ ಕಾಣದೆ ಹೋದರೆ ಆಪರೇಟರ್ ಏನನ್ನು ನೋಡಿ ಕೈ ಹಾಕಬೇಕು? ದೂರಿನ ಕೊನೆಯಲ್ಲಿ ಒಂದು ಸಾಲು: ರಾತ್ರಿ ಹೊತ್ತು ಮಾತ್ರ ಹೀಗಾಗುತ್ತದೆ.

ಆ ಸಾಲನ್ನು ನಮ್ಮ ಆಫೀಸಿನಲ್ಲಿ ಯಾರೂ ನಂಬಲಿಲ್ಲ. ಗಡಿಯಾರ ನೋಡಿ ಕೆಡುವ ವಿಂಡೋ ಉಂಟೇ? ಹಗಲು ಹೋದ ಸರ್ವಿಸ್ ಎಂಜಿನಿಯರ್ ಎಲ್ಲ ಪರೀಕ್ಷಿಸಿ, ಏನೂ ತೊಂದರೆ ಇಲ್ಲವೆಂದು ಸಹಿ ಹಾಕಿಸಿಕೊಂಡು ಬಂದಿದ್ದರು. ಕೊನೆಗೆ ನಾನೇ ಬಸ್ಸು ಹತ್ತಿದೆ. ಮಾನಿಟರುಗಳ ಬಗ್ಗೆ ಸರ್ವರ್ ಕಳಿಸುವ ಪ್ರತಿ ಸುದ್ದಿಯನ್ನೂ ಬರೆದಿಡುವ ಸಣ್ಣ ಪ್ರೋಗ್ರಾಂ ಒಂದನ್ನು ಓಡಲು ಬಿಟ್ಟು, ಆಪರೇಟರಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಹನ್ನೊಂದು ದಾಟಿರಬೇಕು. ಅವರು ಊಟದ ಡಬ್ಬಿ ತೊಳೆದುಕೊಂಡು ಬಂದು ಕೂತವರೇ ಕೈ ಚಾಚಿ ಎಡಗಡೆಯ ಮಾನಿಟರಿನ ಪವರ್ ಬಟನ್ ಒತ್ತಿದರು. ಅದು ಆರಿತು. ನಡುವಿನ ಮಾನಿಟರ್ ಒಮ್ಮೆ ಕಪ್ಪಾಗಿ ಬೆಳಗಿತು. ನಕ್ಷೆ ಇದ್ದ ಜಾಗದಲ್ಲಿ ಅಲಾರಂ ಪಟ್ಟಿ ಬಂದು ಕೂತಿತು.

"ಅದನ್ಯಾಕೆ ಆರಿಸಿದ್ರಿ?" ಅಂದೆ.

"ಗ್ರಾಫು ಬೆಳ್ಳಗೈತಲ್ರೀ ಸರ, ರಾತ್ರಿ ಕಣ್ಣಿಗೆ ಚುಚ್ಚತೈತಿ. ಎದುರಿನ ಗಾಜಿನಾಗೂ ಅದೇ ಹೊಳೀತೈತಿ. ದಿನಾ ಆರಸ್ತೀವ್ರೀ."

ಲಾಗ್ ತೆರೆದರೆ ಎಲ್ಲವೂ ಸಾಲಾಗಿ ಬಿದ್ದಿತ್ತು. ವಿಜಿಎ ಮಾನಿಟರನ್ನು ಆರಿಸಿದರೆ ಕಂಪ್ಯೂಟರಿಗೆ ಸಾಮಾನ್ಯವಾಗಿ ಅದರ ಸುಳಿವೇ ಸಿಗುವುದಿಲ್ಲ. ಆ ಹೊಸ ಮಾನಿಟರುಗಳದು ಬೇರೆ ರೀತಿ. ಬಟನ್ ಒತ್ತಿದ ಕೂಡಲೇ ಡಿಸ್‌ಪ್ಲೇಪೋರ್ಟಿನಲ್ಲಿ "ನಾನಿದ್ದೇನೆ" ಎಂದು ಹೇಳುವ ತಂತಿಯ ಸಿಗ್ನಲ್ ಬಿದ್ದುಹೋಗುತ್ತದೆ. ಕಂಪ್ಯೂಟರಿನ ಪಾಲಿಗೆ ಅದು ಕೇಬಲ್ ಕಿತ್ತಂತೆಯೇ. ಡೆಸ್ಕ್‌ಟಾಪಿನ ಹಿನ್ನೆಲೆಯಲ್ಲಿ ಓಡುವ ಸೆಟ್ಟಿಂಗ್ಸ್ ಡೀಮನ್ ಆ ಸುದ್ದಿ ಕೇಳಿ, ಹೋದ ಮಾನಿಟರನ್ನು ಲೆಕ್ಕದಿಂದ ತೆಗೆದು, ಉಳಿದ ಎರಡನ್ನು ಎಡಕ್ಕೆ ಸರಿಸುತ್ತಿತ್ತು. ಅಲಾರಂ ಪಟ್ಟಿಗೆ ಜಾಗ ಗೊತ್ತುಮಾಡಿದ್ದು ನಂಬರಿನ ಮೇಲೆ: ಸೊನ್ನೆ, ಒಂದು, ಎರಡು, ಅದರಲ್ಲಿ ಎರಡು ಎಂಬ ನಂಬರು. ಎಡಗಡೆಯದು ಹೋದ ಮೇಲೆ ಉಳಿದದ್ದು ಸೊನ್ನೆ ಮತ್ತು ಒಂದು ಮಾತ್ರ. ಎರಡು ಸಿಗದಿದ್ದರೆ ಸೊನ್ನೆಗೆ ಹೋಗು ಎಂದು ಕೋಡಿನಲ್ಲಿ ಯಾರೋ ಯಾವ ಕಾಲದಲ್ಲೋ ಬರೆದಿದ್ದರು. ಸೊನ್ನೆ ಈಗ ನಡುವಿನ ಮಾನಿಟರು. ಬೆಳಿಗ್ಗೆ ಪಾಳಿಯವರು ಬಂದು ಮಾನಿಟರ್ ಹಾಕಿ, ತಮ್ಮ ಹೆಸರಿನಲ್ಲಿ ಹೊಸದಾಗಿ ಲಾಗಿನ್ ಆಗುತ್ತಲೇ ಎಲ್ಲವೂ ಸ್ವಸ್ಥಾನಕ್ಕೆ. ಹಗಲು ಪರೀಕ್ಷಿಸಿದವರಿಗೆ ಕಂಡೀತಾದರೂ ಹೇಗೆ?

ನಂಬರು ಬಿಟ್ಟು ಮಾನಿಟರಿನ ಗುರುತನ್ನೇ ಹಿಡಿಯೋಣ ಎಂದುಕೊಂಡೆ. ಪ್ರತಿ ಮಾನಿಟರಿನಲ್ಲೂ ಇಡಿಐಡಿ ಎಂಬ 128 ಬೈಟುಗಳ ಜಾತಕವೊಂದು ಇರುತ್ತದೆ: ತಯಾರಕ ಯಾರು, ಮಾಡೆಲ್ ಯಾವುದು, ಯಾವ ರೆಸಲ್ಯೂಷನ್ ತೋರಿಸಬಲ್ಲದು, ಸೀರಿಯಲ್ ನಂಬರು. ಮೂರರದನ್ನೂ ಓದಿದೆ. ಮೂರಕ್ಕೂ ಒಂದೇ ಸೀರಿಯಲ್, 16843009. ವಿಚಿತ್ರವಾದ ಈ ಸಂಖ್ಯೆ ಹೆಕ್ಸಾಡೆಸಿಮಲ್ಲಿನಲ್ಲಿ 01010101. ಸೀರಿಯಲ್ ತುಂಬುವ ತೊಂದರೆ ತೆಗೆದುಕೊಳ್ಳದ ಎಷ್ಟೋ ತಯಾರಕರು ಹಾಕಿ ಕಳಿಸುವುದು ಇದನ್ನೇ. ಹಾಗಾಗಿ ಕನೆಕ್ಟರಿನ ಹೆಸರಿಗೇ ಅಂಟಿಕೊಂಡೆವು, ಡಿಪಿ-1, ಡಿಪಿ-2, ಡಿಪಿ-3 ಎಂದು. ಕೇಬಲ್ಲುಗಳ ಎರಡೂ ತುದಿಗೆ ಮಾರ್ಕರಿನಲ್ಲಿ ಬರೆದ ಚೀಟಿ ಸುತ್ತಿ ಟೇಪ್ ಹಾಕಿದೆವು. ಸಾಫ್ಟ್‌ವೇರಿನ ದುರಸ್ತಿಯಲ್ಲಿ ಟೇಪಿಗೂ ಒಂದು ಪಾತ್ರವಿತ್ತು ಎಂದು ವರದಿಯಲ್ಲಿ ಬರೆದರೆ ಮ್ಯಾನೇಜರ್ ಅದನ್ನು ಹೊಡೆದು ಹಾಕಿದರು.

ಉಳಿದದ್ದು ಒಂದು ಪ್ರಶ್ನೆ: ಅಲಾರಂ ಮಾನಿಟರೇ ಹೋಗಿಬಿಟ್ಟರೆ ಪಟ್ಟಿ ಎಲ್ಲಿಗೆ ಹೋಗಬೇಕು? ಆಫೀಸಿನಲ್ಲಾಗಿದ್ದರೆ ಇದಕ್ಕೊಂದು ಮೀಟಿಂಗ್ ಆಗುತ್ತಿತ್ತು. ಅಲ್ಲೇ ಕೂತಿದ್ದ ಆಪರೇಟರನ್ನು ಕೇಳಿದೆ. "ನಕ್ಷಾ ಒಂದು ಮುಚ್ಚಬ್ಯಾಡ್ರೀ ಸರ. ಮ್ಯಾಲೆ ಎರಡು ಲೈನ್ ಕೆಂಪಗೆ ಬಂದ್ರ ಸಾಕು, ನಾವು ನೋಡ್ಕೊಂತೀವಿ" ಎಂದರು. ಅದನ್ನೇ ಮಾಡಿದೆವು. ಜೊತೆಗೆ ಗ್ರಾಫಿಗೆ ಕಪ್ಪು ಹಿನ್ನೆಲೆಯ ಆಯ್ಕೆಯೊಂದನ್ನು ಸೇರಿಸಿದೆವು. ನನ್ನನ್ನು ಕೇಳಿದರೆ ನಿಜವಾದ ಬಗ್ ಆ ಬಿಳಿ ಹಿನ್ನೆಲೆಯೇ. ಕಪ್ಪು ಬಂದ ಮೇಲೆ ಅಲ್ಲಿ ಯಾರೂ ಮಾನಿಟರ್ ಆರಿಸುತ್ತಿಲ್ಲವೆಂದು ಆಮೇಲೆ ತಿಳಿಯಿತು.

ಜಾಗ ಸರಿಹೋದರೂ ಚಿತ್ರ ಸರಿಯಿರಬೇಕಲ್ಲ. ಅದೇ ಕಾರ್ಖಾನೆಯ ಕನ್ವೇಯರ್ ಬೆಲ್ಟಿನ ಮೇಲೆ ಕಣ್ಣಿಟ್ಟಿದ್ದ ಕ್ಯಾಮೆರಾದ ವಿಡಿಯೋ ಒಂದು ಮಾನಿಟರಿನಲ್ಲಿ ಫುಲ್‌ಸ್ಕ್ರೀನ್ ಓಡುತ್ತಿತ್ತು. ಕ್ಯಾಮೆರಾ ಪಕ್ಕಕ್ಕೆ ತಿರುಗಿದಾಗೆಲ್ಲ ಕಂಬಗಳು ಅಡ್ಡಕ್ಕೆ ತುಂಡಾಗಿ, ಮೇಲಿನ ಅರ್ಧ ಒಂದು ಕಡೆ, ಕೆಳಗಿನ ಅರ್ಧ ಒಂದು ಕಡೆ. ಇದಕ್ಕೆ ಟೇರಿಂಗ್ ಎನ್ನುತ್ತಾರೆ. ಮಾನಿಟರ್ ಸೆಕೆಂಡಿಗೆ 60 ಸಲ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಓದುತ್ತಿರುವಾಗಲೇ ಹೊಸ ಚಿತ್ರ ಬಂದು ಬಿದ್ದರೆ ಮೇಲೆ ಹಳೆಯದು, ಕೆಳಗೆ ಹೊಸದು. ಒಂದೇ ಮಾನಿಟರಿದ್ದರೆ ಇದಕ್ಕೆ ಸುಲಭದ ಉಪಾಯವಿದೆ. ವಿಡಿಯೋ ಇಡೀ ತೆರೆಯನ್ನು ತುಂಬಿದೆ ಎಂದಾದರೆ ಸರ್ವರ್ ಹೊಸ ಚಿತ್ರವನ್ನು ನಕಲು ಮಾಡುವ ಗೋಜಿಗೆ ಹೋಗುವುದಿಲ್ಲ. ಎರಡು ಓದುಗಳ ನಡುವಿನ ಬಿಡುವಿನಲ್ಲಿ "ಇನ್ನು ಮೇಲೆ ಈ ಬಫರಿನಿಂದ ಓದು" ಎಂದು ತಿರುಗಿಸಿಬಿಡುತ್ತದೆ, ಅಷ್ಟೆ. ಆದರೆ ಎಕ್ಸ್‌ನಲ್ಲಿ ಮೂರು ಮಾನಿಟರುಗಳೂ ಓದುವುದು ಒಂದೇ ದೊಡ್ಡ ಹಾಸಿನಿಂದ. ನಮ್ಮ ವಿಡಿಯೋ ಮಾನಿಟರನ್ನು ಪೂರ್ತಿ ತುಂಬಿದ್ದರೂ ಹಾಸಿನ ಮೂರನೆಯ ಒಂದು ಭಾಗವಷ್ಟೇ. ಹಾಗಾಗಿ ತಿರುಗಿಸುವ ಅರ್ಹತೆ ಅದಕ್ಕಿಲ್ಲ, ನಕಲೇ ಗತಿ. ನಕಲಿಗೆ ಹೊತ್ತು ನೋಡಿಕೊಳ್ಳೋಣವೆಂದರೆ ಮೂರು ಮಾನಿಟರುಗಳ ಬಿಡುವು ಮೂರು ಬೇರೆ ಬೇರೆ ಗಳಿಗೆಗೆ. ಎಲ್ಲ ವಿಂಡೋಗಳನ್ನೂ ಕೂಡಿಸಿ ತೆರೆಯ ಚಿತ್ರ ಕಟ್ಟುವ ಕಂಪೋಸಿಟರ್ ಒಂದರ ತಾಳಕ್ಕೆ ಹೊಂದಿಕೊಂಡರೆ ಉಳಿದೆರಡರಲ್ಲಿ ಚಿತ್ರ ಒಡೆಯುತ್ತದೆ.

ನಾನು ಈ ಕಾರಣವನ್ನು ಅರ್ಥ ಮಾಡಿಕೊಳ್ಳಲು ಪಟ್ಟ ಪಾಡು ದೊಡ್ಡದು, ಪರಿಹಾರ ಮಾತ್ರ ಒಂದೇ ಸಾಲು. ಡ್ರೈವರಿನ ಕಾನ್ಫಿಗರೇಷನ್ನಿನಲ್ಲಿ ಟೇರ್‌ಫ್ರೀ ಎಂಬ ಆಯ್ಕೆ ಬಂದಿತ್ತು. ಅದನ್ನು ಹಾಕಿದರೆ ಡ್ರೈವರ್ ಪ್ರತಿ ಮಾನಿಟರಿಗೂ ಬೇರೆ ಬಫರುಗಳನ್ನು ಇಟ್ಟುಕೊಂಡು ಅದರದರ ತಾಳಕ್ಕೆ ಚಿತ್ರ ಬದಲಿಸುತ್ತದೆ. ಮೆಮೊರಿ ಸ್ವಲ್ಪ ಹೆಚ್ಚು ತಿನ್ನುತ್ತದೆ, ತಿನ್ನಲಿ.

ಇದೇ ಸಾಫ್ಟ್‌ವೇರನ್ನು ವಿಂಡೋಸಿಗೆ ಒಯ್ದಾಗ ಬೇರೆಯೇ ಬಗೆಯ ಪೀಡೆ. ವಿಂಡೋಸಿನಲ್ಲಿ ಪ್ರೈಮರಿ ಮಾನಿಟರಿನ ಮೇಲಿನ ಎಡಮೂಲೆ ಸೊನ್ನೆ, ಸೊನ್ನೆ. ಅದರ ಎಡಕ್ಕೆ ಇನ್ನೊಂದು ಮಾನಿಟರ್ ಇಟ್ಟರೆ ಅಲ್ಲಿನ ಜಾಗಗಳಿಗೆಲ್ಲ ಮೈನಸ್ ಅಂಕಿ. ಮೌಸಿನ ಸಂದೇಶದಲ್ಲಿ ಬರುವ ಅಂಕಿಯನ್ನು ಹಳೆಯ ರೂಢಿಯಂತೆ ಚಿಹ್ನೆಯಿಲ್ಲದ 16 ಬಿಟ್ ಸಂಖ್ಯೆಯಾಗಿ ಓದಿದರೆ ಮೈನಸ್ 200 ಎಂಬುದು 65336 ಆಗುತ್ತದೆ. ಎಡಗಡೆಯ ಮಾನಿಟರಿನಲ್ಲಿ ಬಲಗಡೆಯ ಬಟನ್ ಒತ್ತಿದರೆ ತೆರೆದುಕೊಳ್ಳಬೇಕಾದ ಮೆನು ಎಲ್ಲೋ ದಿಗಂತದಾಚೆ. ಆ ಕೋಡಿಗೆ ಹತ್ತು ವರ್ಷ ವಯಸ್ಸಾಗಿತ್ತು. ಎಲ್ಲರೂ ಎರಡನೆಯ ಮಾನಿಟರನ್ನು ಬಲಕ್ಕೇ ಇಟ್ಟುಕೊಂಡಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಂದಿನಿಂದ ನಾನು ಟೆಸ್ಟಿಂಗಿನವರಿಗೆ ಹೇಳುತ್ತಾ ಬಂದಿದ್ದೇನೆ: ಒಂದು ಮಾನಿಟರ್ ಎಡಕ್ಕಿರಲಿ, ಒಂದನ್ನು ಉದ್ದಕ್ಕೆ ತಿರುಗಿಸಿಡಿ, ಒಂದು ಹಳೆಯದಿರಲಿ, ಎತ್ತರ ಯಾವುದೂ ಸಮ ಇರದಿರಲಿ. ಎತ್ತರ ಸಮ ಇಲ್ಲದಿದ್ದರೆ ಹಾಸಿನಲ್ಲಿ ಯಾವ ಮಾನಿಟರಿಗೂ ಸೇರದ ಮೂಲೆಗಳು ಹುಟ್ಟುತ್ತವೆ, ಕಳೆದುಹೋದ ವಿಂಡೋಗಳು ಹೆಚ್ಚಾಗಿ ಸಿಗುವುದು ಅಲ್ಲೇ. ಪರ್ಚೇಸಿನವರು ಒಪ್ಪಿದ್ದು ಹಳೆಯದಕ್ಕೆ ಮಾತ್ರ. ಗೋಡೌನಿನಲ್ಲಿ ಬೇಕಾದಷ್ಟು ಬಿದ್ದಿದ್ದವು.

5120×2880ರ ಮಾನಿಟರುಗಳು ಬಂದಾಗ ತಲೆಕೆಳಗಾದ ತಮಾಷೆಯೊಂದು ನಡೆಯಿತು. ಅಷ್ಟು ಪಿಕ್ಸೆಲ್ಲುಗಳನ್ನು ಆಗಿನ ಒಂದು ಡಿಸ್‌ಪ್ಲೇಪೋರ್ಟ್ ಕೇಬಲ್ ಹೊರಲಾರದು, ಆದ್ದರಿಂದ ಒಂದೇ ಮಾನಿಟರಿಗೆ ಎರಡು ಕೇಬಲ್, ಕಂಪ್ಯೂಟರಿನ ಕಣ್ಣಿಗೆ 2560×2880ರ ಎರಡು ಮಾನಿಟರು. ಎರಡನ್ನು ಒಂದೆಂದು ತಿಳಿಯಬೇಡ ಎಂದು ವರ್ಷಗಟ್ಟಲೆ ಪಾಠ ಹೇಳಿಸಿಕೊಂಡಿದ್ದ ನಮ್ಮ ಪ್ರೋಗ್ರಾಂ ಫುಲ್‌ಸ್ಕ್ರೀನ್ ಒತ್ತಿದರೆ ಅರ್ಧ ಗಾಜನ್ನು ಮಾತ್ರ ತುಂಬಿ ನಿಲ್ಲುತ್ತಿತ್ತು. 2015ರ ರ‍್ಯಾಂಡ್‌ಆರ್ 1.5 ಇಂಥ ಹೋಳುಗಳನ್ನು ಕೂಡಿಸಿ ಒಂದು ಮಾನಿಟರೆಂದು ಹೇಳುವ ವ್ಯವಸ್ಥೆ ತಂದ ಮೇಲೆ ಅದೂ ಬಗೆಹರಿಯಿತು.

ಈಗ ಬಹಳ ಕಡೆ ಎಕ್ಸ್ ಇದ್ದ ಜಾಗಕ್ಕೆ ವೇಲ್ಯಾಂಡ್ ಬಂದಿದೆ. ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ 2008ರಲ್ಲಿ ಶುರು ಮಾಡಿದ ಈ ವ್ಯವಸ್ಥೆಯಲ್ಲಿ ಪ್ರೋಗ್ರಾಮಿಗೆ ತನ್ನ ವಿಂಡೋ ಹಾಸಿನ ಯಾವ ಜಾಗದಲ್ಲಿದೆ ಎಂಬುದೇ ತಿಳಿಯುವುದಿಲ್ಲ. ಫುಲ್‌ಸ್ಕ್ರೀನ್ ಬೇಕು ಎಂದು ಕೇಳಬಹುದು, ಇಂಥ ಮಾನಿಟರಿನಲ್ಲಾದರೆ ಒಳ್ಳೆಯದು ಎಂದೂ ಸೇರಿಸಬಹುದು. ಕೊಡುವುದು ಬಿಡುವುದು ಕಂಪೋಸಿಟರಿಗೆ ಬಿಟ್ಟದ್ದು. ಮನೆಯಲ್ಲಿ ಸಿನಿಮಾ ನೋಡುವವರಿಗೆ ಇದು ವರವೇ ಸರಿ, ನಾನು ಹೇಳಿದ ಬಗ್‌ಗಳಲ್ಲಿ ಮುಕ್ಕಾಲು ಪಾಲು ಅಲ್ಲಿ ಹುಟ್ಟುವುದೇ ಇಲ್ಲ. ಕಂಟ್ರೋಲ್ ರೂಮಿನವರು ಮಾತ್ರ ಗೊಣಗಿದರು: ಅಲಾರಂ ಬಲಗಡೆಯ ಮಾನಿಟರಿನಲ್ಲೇ ಬರಬೇಕು, ಅದರಲ್ಲಿ ಚೌಕಾಶಿ ಇಲ್ಲ. ನಮ್ಮ ತಂಡದ ಹುಡುಗರು ಇದಕ್ಕಾಗಿ ಸ್ವಂತ ಕಂಪೋಸಿಟರ್ ಬರೆಯುವ ಉತ್ಸಾಹದಲ್ಲಿದ್ದರು. ಅಷ್ಟರಲ್ಲಿ ವೆಸ್ಟನ್ ಎಂಬ ವೇಲ್ಯಾಂಡ್ ಕಂಪೋಸಿಟರಿನ 2020ರ ಒಂಬತ್ತನೆಯ ಆವೃತ್ತಿಯಲ್ಲಿ ಕಿಯಾಸ್ಕ್ ಶೆಲ್ ಬಂತು. ಅದರಲ್ಲಿ ಪ್ರತಿ ವಿಂಡೋವೂ ಫುಲ್‌ಸ್ಕ್ರೀನ್. ಯಾವ ಪ್ರೋಗ್ರಾಂ ಯಾವ ಔಟ್‌ಪುಟ್ಟಿನಲ್ಲಿ ಎಂಬುದನ್ನು ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಬರೆದಿಟ್ಟರೆ ಮುಗಿಯಿತು. ಹುಡುಗರಿಗೆ ಸ್ವಲ್ಪ ನಿರಾಸೆಯಾಯಿತು, ನನಗೆ ನೆಮ್ಮದಿ. ನಾವು ಕಳಿಸುವ ಫೈಲಿನಲ್ಲಿ ಆ ಸಾಲುಗಳನ್ನು ಖಾಲಿ ಬಿಡುತ್ತೇವೆ. ಇನ್‌ಸ್ಟಾಲ್ ಮಾಡಲು ಹೋದವರು ಆಪರೇಟರುಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದೇ ಮಾನಿಟರಿನ ಕಡೆ ಬೆರಳು ತೋರಿಸಿ ಕೇಳಿ, ಅಲ್ಲೇ ತುಂಬುತ್ತಾರೆ.